ಎಳೆಯ ತಂತ್ರಾಂಶ, ಬಲಿತ ವ್ಯವಹಾರ

ಭದ್ರಾ ನದಿಯ ದಡದ ಬಾಳೆಹೊನ್ನೂರಿನಲ್ಲಿಯೂ, ಅಲ್ಲಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಗೆ ಹೊರಡುವ ಹಾದಿಗಳ ಇಕ್ಕೆಲದ ಊರುಗಳಲ್ಲಿಯೂ ಕಾಫಿ, ಅಡಕೆ, ಮೆಣಸುಗಳ ಕೊಳ್ಳುಕೊಡುಗೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡವರ ಲೆಕ್ಕಪತ್ರಗಳು ಕಿರ್ದಿ ಖಾತೆಗಳ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗವಾದ ಮೇಲೆ, ಆ ಯಂತ್ರದೊಳಗೆ ಕೆಲಸ ಮಾಡುವ ತಂತ್ರಾಂಶವು ಯಾರದು, ಎಂತಹುದು, ಎಷ್ಟು ಕಾಲ ಬಾಳತಕ್ಕದ್ದು ಎಂಬ ಪ್ರಶ್ನೆಯು, ತೋಟಕ್ಕೆ ಯಾವ ತಳಿಯ ಸಸಿಯನ್ನು ಹಾಕಬೇಕೆಂಬ ಪ್ರಶ್ನೆಯಷ್ಟೇ ಗಹನವಾಗಿ ಪರಿಣಮಿಸಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ತರುವಾಯ ಸಣ್ಣ ವ್ಯಾಪಾರಿಗೂ ಗಣಕದ ಲೆಕ್ಕವು ಅನಿವಾರ್ಯವಾಯಿತು. 1986ರಲ್ಲಿ ಆರಂಭವಾಗಿ ಇಂದು ಬೆಂಗಳೂರಿನಿಂದ ನಡೆಯುತ್ತಿರುವ ಟ್ಯಾಲಿಯನ್ನು ಬಹುಮಂದಿ ಆಶ್ರಯಿಸಿದರು. ಆದರೆ ಅದರ ಶುಲ್ಕವು ಭಾರವೆನಿಸಿದವರೂ, ತಮ್ಮ ವ್ಯಾಪಾರದ ವಿಶಿಷ್ಟ ಕ್ರಮಗಳು ಸಿದ್ಧ ತಂತ್ರಾಂಶದ ಚೌಕಟ್ಟಿಗೆ ಹೊಂದಲಿಲ್ಲವೆಂದು ಕಂಡವರೂ, ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಮಗನೋ ಸೋದರಳಿಯನೋ ಹಬ್ಬಕ್ಕೆ ಬಂದಾಗ ತೋರಿಸಿಕೊಟ್ಟ ಮುಕ್ತ ತಂತ್ರಾಂಶದ ಕಡೆಗೆ ತಿರುಗಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಕ್ತ ತಂತ್ರಾಂಶವೆಂದರೆ, ಯಾವುದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದೋ, ತಿದ್ದಬಹುದೋ, ತಿದ್ದಿದ್ದನ್ನು ಮತ್ತೊಬ್ಬರಿಗೆ ಹಂಚಬಹುದೋ ಅಂತಹುದು. ಇಂದಿನ ಜಗತ್ತಿನ ವ್ಯವಹಾರದ ಬಹುಭಾಗವು ನಿಂತಿರುವುದೇ ಇದರ ಮೇಲೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯವಾದ ಲಿನಕ್ಸ್, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬನು ಹವ್ಯಾಸವೆಂದು ಆರಂಭಿಸಿದ ಕೃತಿ. ಆದಕಾರಣ ಮುಕ್ತ ತಂತ್ರಾಂಶವನ್ನು ನಂಬಬಹುದೋ ಇಲ್ಲವೋ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳಬೇಕಾಗಿಲ್ಲ. ಪ್ರಶ್ನೆಯಿರುವುದು ಇನ್ನೂ ಬಲಿಯದ, ನಿನ್ನೆ ಮೊನ್ನೆ ಹುಟ್ಟಿದ, ಒಬ್ಬಿಬ್ಬರ ಉತ್ಸಾಹದಿಂದ ಮಾತ್ರ ಉಸಿರಾಡುತ್ತಿರುವ ತಂತ್ರಾಂಶದ ಮೇಲೆ ಒಂದು ಮನೆತನದ ಅಥವಾ ಒಂದು ಸೊಸೈಟಿಯ ವ್ಯವಹಾರವನ್ನು ಕಟ್ಟುವ ವಿಷಯದಲ್ಲಿ.

ಬಲಿತಿದೆಯೆಂದು ಗುರುತಿಸುವುದು ಹೇಗೆ? ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ನೋಡಿ ತೀರ್ಮಾನಿಸುವವರುಂಟು. ಸಂಖ್ಯೆಯು ಸೊನ್ನೆಯಿಂದ ಮೊದಲಾಗಿದ್ದರೆ, ಇನ್ನೂ ಯಾವುದು ಬೇಕಾದರೂ ಯಾವಾಗ ಬೇಕಾದರೂ ಬದಲಾಗಬಹುದೆಂಬ ಎಚ್ಚರಿಕೆಯನ್ನು ನಿರ್ಮಾಪಕರೇ ಕೊಟ್ಟಂತೆ ಎಂಬುದು ಆ ವೃತ್ತಿಯ ಸಂಪ್ರದಾಯ. ಆದರೆ ಈ ಅಳತೆಗೋಲು ಅಷ್ಟೇನೂ ಭದ್ರವಾದುದಲ್ಲ. ಅಂತರ್ಜಾಲದಲ್ಲಿ ಹಣದ ವಿನಿಮಯವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವು 1998ರಲ್ಲಿ ಹುಟ್ಟಿ, 2010ರವರೆಗೂ 0.9 ಎಂಬ ಸಂಖ್ಯೆಯಲ್ಲಿಯೇ ಉಳಿದುಕೊಂಡು, ಅಷ್ಟೂ ವರ್ಷ ಲೋಕದ ಬ್ಯಾಂಕುಗಳ ಭಾರವನ್ನು ಹೊತ್ತಿತ್ತು. 1.0 ಎಂಬ ಗೌರವದ ಸಂಖ್ಯೆಯನ್ನು ಪಡೆದ ಮೇಲೆ, 2014ರ ಏಪ್ರಿಲಿನಲ್ಲಿ, ಹಾರ್ಟ್‌ಬ್ಲೀಡ್ ಎಂಬ ಭಯಂಕರ ದೋಷವು ಅದರಲ್ಲಿ ಬೆಳಕಿಗೆ ಬಂತು. ಜಗತ್ತೆಲ್ಲ ಅವಲಂಬಿಸಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿಯ ಕೆಲಸಗಾರರು ಬೆರಳೆಣಿಕೆಗೂ ಕಡಿಮೆಯೆಂಬುದು ಆಗ ಲೋಕಕ್ಕೆ ತಿಳಿಯಿತು. ಸಂಖ್ಯೆಯು ಹೇಳದೆ ಉಳಿಸಿದ್ದನ್ನು ಪರವಾನಗಿಯ ಪತ್ರವು ಸ್ಪಷ್ಟವಾಗಿ ಹೇಳುತ್ತದೆ: ಈ ತಂತ್ರಾಂಶವನ್ನು ಇದ್ದಂತೆಯೇ ಕೊಡಲಾಗಿದೆ, ಇದರಿಂದ ಉಂಟಾಗುವ ಯಾವ ನಷ್ಟಕ್ಕೂ ಬರೆದವನು ಹೊಣೆಯಲ್ಲ ಎಂಬರ್ಥದ ಒಕ್ಕಣೆಯು ಹೆಚ್ಚುಕಡಮೆ ಎಲ್ಲ ಮುಕ್ತ ಪರವಾನಗಿಗಳಲ್ಲಿಯೂ ಇದೆ. ಇದು ಅನ್ಯಾಯವಲ್ಲ, ಬೆಲೆ ತೆಗೆದುಕೊಳ್ಳದವನನ್ನು ಹೊಣೆಗಾರನನ್ನಾಗಿ ಮಾಡುವುದು ಸಲ್ಲದು. ಆದರೆ ಬಳಸುವವನು ತನ್ನ ತಲೆಯ ಮೇಲೆ ಬಂದಿರುವ ಹೊಣೆಯನ್ನು ಅರಿಯದೆ ಸಹಿ ಹಾಕಿದಂತಾಗುವುದು ಮಾತ್ರ ದುಃಖದ ಸಂಗತಿ.

ಬಲಿಯುವಿಕೆಯೆಂದರೇನೆಂಬುದನ್ನು ತಿಳಿಯುವುದಕ್ಕೆ ಬಾಳೆಹೊನ್ನೂರಿನವರು ದೂರ ಹೋಗಬೇಕಾಗಿಲ್ಲ. ಕಾಫಿಯ ಎಲೆಗೆ ತಗಲುತ್ತಿದ್ದ ರೋಗಗಳ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ಮೈಸೂರು ಸರಕಾರವು ತಾತ್ಕಾಲಿಕವಾದ ಒಂದು ಕೇಂದ್ರವನ್ನು ತೆರೆಯಿತು. ಅದರ ಮುಂದುವರಿಕೆಯಾಗಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪಿತವಾಯಿತು. ಸೀಗೋಡಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೆಂದು ನಾವು ಇಂದು ಕರೆಯುವುದು ಅದನ್ನೇ. ಅದಕ್ಕೆ ಹಿಂದೆ, 1911ರಲ್ಲಿ, ಕೆಂಟ್ ಎಂಬ ಪ್ಲಾಂಟರೊಬ್ಬರು ತಮ್ಮ ದೊಡ್ಡನಗುಡ್ಡ ತೋಟದಲ್ಲಿ ಎಲೆತುಕ್ಕಿಗೆ ಬಗ್ಗದೆ ನಿಂತಿದ್ದ ಗಿಡವೊಂದನ್ನು ಗುರುತಿಸಿದ್ದರು. ಸುತ್ತಮುತ್ತಲಿನ ಗಿಡಗಳೆಲ್ಲ ಎಲೆಯುದುರಿಸಿ ಬೋಳಾಗಿರುವಾಗ ಹಸಿರಾಗಿ ನಿಂತ ಆ ಗಿಡದ ಸಂತತಿಯು ‘ಕೆಂಟ್ಸ್’ ಎಂಬ ಹೆಸರಿನಿಂದ ತೋಟದಿಂದ ತೋಟಕ್ಕೆ ಹಬ್ಬಿತು; ಎಲ್ಲರೂ ಅದನ್ನೇ ನೆಟ್ಟರು. ಆದರೆ ರೋಗವು ಸುಮ್ಮನಿರಲಿಲ್ಲ. ಎಲೆತುಕ್ಕಿನ ಶಿಲೀಂಧ್ರವು ಒಂದೇ ಬಗೆಯದಲ್ಲ, ಅದರಲ್ಲಿ ಭಿನ್ನ ಭಿನ್ನ ಪ್ರಭೇದಗಳುಂಟು, ಒಂದು ಪ್ರಭೇದವನ್ನು ತಡೆದ ಗಿಡವು ಇನ್ನೊಂದಕ್ಕೆ ತುತ್ತಾಗಬಹುದು ಎಂಬುದನ್ನು 1930ರ ದಶಕದಲ್ಲಿ ಇದೇ ಬಾಳೆಹೊನ್ನೂರಿನಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯೂ. ವಿಲ್ಸನ್ ಮೇಯ್ನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟರು. ಆ ವೇಳೆಗಾಗಲೇ ಕೆಂಟ್ಸ್ ತಳಿಯ ರೋಗನಿರೋಧವು ಮುರಿದುಬಿದ್ದಿತ್ತು.

ತರುವಾಯ ಈ ಕೇಂದ್ರದಿಂದ 1940ರ ದಶಕದ ಮಧ್ಯಭಾಗದಲ್ಲಿ ಹೊರಬಂದ ಎಸ್. 795 ಎಂಬ ತಳಿಯು, ಅದೇ ಕೆಂಟ್ಸನ್ನು ಎಸ್. 288ರೊಡನೆ ಸಂಕರಗೊಳಿಸಿ, ಪರೀಕ್ಷೆಯ ತಾಕುಗಳಲ್ಲಿ ಮಳೆಗಾಲದ ಮೇಲೆ ಮಳೆಗಾಲ ನಿಲ್ಲಿಸಿ ನೋಡಿ ಪಡೆದುದು. ಅದು ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಎದ್ದು ಕಾಣುತ್ತದೆ. ಹಾಗೆಂದು ಸಂಸ್ಥೆಯ ಮುದ್ರೆಯೇ ಅಭಯಹಸ್ತವಾಯಿತೆಂದಲ್ಲ. 1980ರ ದಶಕದಲ್ಲಿ ಬಂದ ಕಾವೇರಿ ತಳಿಯು ಗಿಡ್ಡವಾಗಿ ಬೆಳೆದು ಬೇಗ ಫಸಲು ಕೊಟ್ಟು ಬಹಳ ಮಂದಿಯ ಮನಸ್ಸನ್ನು ಸೆಳೆಯಿತಾದರೂ, ಕೆಲವು ವರ್ಷಗಳಲ್ಲಿಯೇ ಎಲೆತುಕ್ಕು ಅದನ್ನೂ ಹಿಡಿಯಿತು. ಆ ಕಾಲದಲ್ಲಿ ಹಳೆಯ ಗಿಡಗಳನ್ನೆಲ್ಲ ಕಿತ್ತು ಹೊಸದನ್ನೇ ಹಾಕಿದವನಿಗೂ, ತೋಟದ ಒಂದು ಮೂಲೆಯಲ್ಲಿ ಹಾಕಿ ಕಾದು ನೋಡಿದವನಿಗೂ ಆದ ಅನುಭವಗಳ ಅಂತರವೇ ನನ್ನ ಇಂದಿನ ವಾದದ ತಿರುಳು. ಬಲಿಯುವಿಕೆಯೆಂಬುದು ವಸ್ತುವಿನೊಳಗೆ ಹುಟ್ಟಿನಿಂದ ಬಂದ ಗುಣವಲ್ಲ. ಅನೇಕರ ನೆಲದಲ್ಲಿ, ಅನೇಕ ಋತುಗಳಲ್ಲಿ, ಅನೇಕ ಶತ್ರುಗಳ ಎದುರಿನಲ್ಲಿ ಅದು ನಿಂತು ಗಳಿಸಿಕೊಳ್ಳಬೇಕಾದುದು. ನಿಂತ ಮೇಲೆಯೂ ಅದನ್ನು ನೋಡಿಕೊಳ್ಳುವ ಕೈಗಳು ಬೇಕು.

ತಂತ್ರಾಂಶದ ಕ್ಷೇತ್ರದಲ್ಲಿ ಶತ್ರುವು ಶಿಲೀಂಧ್ರದಂತೆ ಕಣ್ಣಿಗೆ ಬೀಳುವುದಿಲ್ಲ. ರಾಬಸ್ಟಾ ಚೆರಿಯನ್ನು ಕೊಳ್ಳುವವನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಐವತ್ತು ಕಿಲೋ ಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ಹೊರಡುತ್ತದೆಯೋ ಅದು ಆ ಮಾಲಿನ ಔಟ್‌ಟರ್ನ್, ವ್ಯಾಪಾರದ ಮಾತಿನಲ್ಲಿ ಓಟಿ; ಬೆಲೆಯು ಓಟಿಯೊಂದಕ್ಕೆ ಇಷ್ಟು ರೂಪಾಯಿ ಎಂದು ನಿಗದಿಯಾಗುತ್ತದೆ. ಓಟಿ 26.5 ಬಂದು, ಓಟಿಗೆ 400 ರೂಪಾಯಿಯೆಂದು ಇಟ್ಟುಕೊಂಡರೆ ಮೂಟೆಗೆ 10,600 ರೂಪಾಯಿ. ತಂತ್ರಾಂಶವನ್ನು ಬರೆದವನು ಓಟಿಯನ್ನು ಪೂರ್ಣಾಂಕಕ್ಕೆ ತಂದು ಗುಣಿಸುವ ಹಾಗೆ ಬರೆದಿದ್ದಾನೆಂದು ಭಾವಿಸಿರಿ. ಪೈಥಾನ್ ಎಂಬ ಪ್ರಸಿದ್ಧವಾದ ಮುಕ್ತ ಭಾಷೆಯ ಎರಡನೆಯ ಆವೃತ್ತಿಯು 26.5ನ್ನು 27 ಮಾಡುತ್ತಿತ್ತು. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯು, ಅರ್ಧವನ್ನು ಸಮೀಪದ ಸಮಸಂಖ್ಯೆಗೆ ತರಬೇಕೆಂಬ ಬೇರೊಂದು ನಿಯಮವನ್ನು ಅನುಸರಿಸಿ, 26 ಮಾಡುತ್ತದೆ. ಎರಡೂ ನಿಯಮಗಳು ಗಣಿತದ ದೃಷ್ಟಿಯಿಂದ ಸಮರ್ಥನೀಯವೇ. ಆದರೆ ಒಂದು ರಾತ್ರಿ ಆವೃತ್ತಿಯನ್ನು ಬದಲಾಯಿಸಿ ಮಲಗಿದ ವ್ಯಾಪಾರಿಯ ಲೆಕ್ಕದಲ್ಲಿ ಮೂಟೆಯ ಬೆಲೆಯು ಬೆಳಗಾಗುವಷ್ಟರಲ್ಲಿ 10,800ರಿಂದ 10,400ಕ್ಕೆ ಇಳಿದಿರುತ್ತದೆ. ನೂರು ಮೂಟೆಗೆ ನಲವತ್ತು ಸಾವಿರದ ಅಂತರ. ತೆರೆಯ ಮೇಲೆ ಯಾವ ದೋಷಸೂಚನೆಯೂ ಕಾಣಿಸುವುದಿಲ್ಲ. ಬೆಳೆಗಾರನು ಬಾಗಿಲಿಗೆ ಬಂದು ಕೇಳಿದ ಮೇಲೆಯೇ ಸಂಗತಿಯು ತಿಳಿಯುವುದು. ಆ ವೇಳೆಗೆ ಹಣಕ್ಕಿಂತಲೂ ದೊಡ್ಡದಾದ ವಿಶ್ವಾಸವು ಹೋಗಿರುತ್ತದೆ. ಪೈಥಾನಿನಂತಹ ಪ್ರೌಢ ಭಾಷೆಯು ಇಂತಹ ಬದಲಾವಣೆಯನ್ನು ಬರೆದು ಪ್ರಕಟಿಸಿ, ಹಳೆಯ ಆವೃತ್ತಿಗೆ 2020ರ ಜನವರಿ 1ರವರೆಗೂ ಆಸರೆ ಕೊಟ್ಟು, ಜನರಿಗೆ ಕಾಲಾವಕಾಶವನ್ನು ನೀಡಿತು. ಎಳೆಯ ತಂತ್ರಾಂಶದಲ್ಲಿ ಬದಲಾವಣೆಯು ಮುನ್ಸೂಚನೆಯಿಲ್ಲದೆ, ಲಿಖಿತ ದಾಖಲೆಯಿಲ್ಲದೆ ಒಳನುಗ್ಗುತ್ತದೆ. ವ್ಯತ್ಯಾಸವಿರುವುದು ಅಲ್ಲಿ.

ಇನ್ನೊಂದು ಸಂಗತಿಯು ನಮ್ಮ ಲಿಪಿಗೇ ಸಂಬಂಧಿಸಿದ್ದು. ರಸೀದಿಯನ್ನು ಕಡತವಾಗಿ ಮಾಡಿಕೊಡುವ ಎಷ್ಟೋ ಸಣ್ಣ ಮುಕ್ತ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದಂಥವು. ಒಂದಾದ ಮೇಲೊಂದರಂತೆ ಅಕ್ಷರಗಳನ್ನು ಇಡುತ್ತ ಹೋಗುವುದನ್ನು ಬಲ್ಲವೇ ಹೊರತು, ಒಂದರ ಕೆಳಗೊಂದು ಒತ್ತಾಗಿ ಕೂಡುವುದನ್ನು ಅರಿಯವು. ಪರೀಕ್ಷೆಗೆಂದು ‘ನರಸಿಂಹರಾಜಪುರ’ ಎಂದು ಬರೆದು ನೋಡಿದರೆ ಅದರಲ್ಲಿ ಒತ್ತಕ್ಷರವೇ ಇಲ್ಲದ ಕಾರಣ ಬಹುಮಟ್ಟಿಗೆ ಸರಿಯಾಗಿಯೇ ಮುದ್ರಣವಾಗಿ, ನೋಡಿದವರಿಗೆ ಸಮಾಧಾನವಾಗುತ್ತದೆ. ಆಮೇಲೆ ನಿಜವಾದ ಗಿರಾಕಿಗೆ ಕೊಟ್ಟ ರಸೀದಿಯಲ್ಲಿ ‘ಕೊಪ್ಪ’ವು ‘ಕೊಪ್‌ಪ’ವೆಂದೂ, ‘ಬಾಳೆಹೊನ್ನೂರು’ ‘ಬಾಳೆಹೊನ್‌ನೂರು’ ಎಂದೂ, ಜಿಲ್ಲೆಯ ಹೆಸರು ‘ಚಿಕ್‌ಕಮಗಳೂರು’ ಎಂದೂ ಮೂಡುತ್ತದೆ. ತನ್ನ ಊರಿನ ಹೆಸರನ್ನು ನೆಟ್ಟಗೆ ಬರೆಯಲಾರದ ಅಂಗಡಿಯ ಲೆಕ್ಕವನ್ನು ರೈತನು ನಂಬಬೇಕೆಂದು ಕೇಳುವುದಾದರೂ ಹೇಗೆ? ಆದರೆ ಪರಿಹಾರವೂ ಮುಕ್ತ ಲೋಕದಲ್ಲಿಯೇ ಇದೆಯೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಭಾರತದ ಲಿಪಿಗಳ ಜೋಡಣೆಯನ್ನು ವರ್ಷಗಟ್ಟಲೆ ತಿದ್ದಿತೀಡಿ ಕಲಿತು, ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡವನ್ನು ಸುಂದರವಾಗಿ ತೋರಿಸುತ್ತಿದೆ. ಎಳೆಯ ತಂತ್ರಾಂಶವೂ ಬಲಿತ ತಂತ್ರಾಂಶವೂ ಒಂದೇ ಮುಕ್ತ ಪರಂಪರೆಯ ಮಕ್ಕಳು. ಹೆಸರನ್ನು ನೋಡಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬಲಿತ ತಂತ್ರಾಂಶಕ್ಕೂ ಆಪತ್ತು ತಪ್ಪಿದ್ದಲ್ಲ. ಆ ಆಪತ್ತು ಬಹುಮಟ್ಟಿಗೆ ಅದನ್ನು ಪೋಷಿಸುವ ಮನುಷ್ಯನ ಒಂಟಿತನದಿಂದ ಬರುತ್ತದೆ. 2016ರ ಮಾರ್ಚಿಯಲ್ಲಿ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬ ತುಣುಕನ್ನು ಅದರ ಕರ್ತೃವು ಹಿಂತೆಗೆದುಕೊಂಡಾಗ ದೊಡ್ಡ ದೊಡ್ಡ ಸಂಸ್ಥೆಗಳ ಕೆಲಸಗಳು ನಿಂತುಹೋದವು. ಇದಕ್ಕಿಂತ ಗಂಭೀರವಾದುದು ಎಕ್ಸ್‌ಜೆಡ್ ಎಂಬ ತಂತ್ರಾಂಶದ ಪ್ರಕರಣ. ಕಡತಗಳನ್ನು ಕುಗ್ಗಿಸುವ ಈ ಉಪಕರಣವನ್ನು ಲಾಸ್ಸೆ ಕೊಲಿನ್ ಎಂಬವರು ಬಹುಕಾಲ ಹೆಚ್ಚುಕಡಮೆ ಒಬ್ಬರೇ ನೋಡಿಕೊಂಡು ಬಂದು ದಣಿದಿದ್ದರು. ಜಿಯಾ ತಾನ್ ಎಂಬ ಹೆಸರಿನ ವ್ಯಕ್ತಿಯು 2021ರಿಂದ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸುತ್ತ, ವಿನಯದಿಂದ ನೆರವಾಗುತ್ತ, ಕ್ರಮೇಣ ವಿಶ್ವಾಸವನ್ನು ಗಳಿಸಿ ಸಹನಿರ್ವಾಹಕನಾದನು. 2024ರ ಆರಂಭದಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳೊಳಗೆ, ಪರರ ಗಣಕಗಳನ್ನು ವಶಪಡಿಸಿಕೊಳ್ಳಬಲ್ಲ ಕಳ್ಳದ್ವಾರವೊಂದು ಅಡಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ದೂರದ ಗಣಕವೊಂದನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುವುದನ್ನು ಕಂಡು, ಅದನ್ನು ಉಪೇಕ್ಷಿಸದೆ, ಕಾರಣವನ್ನು ಬೆನ್ನಟ್ಟಿ ಹೋಗಿ, 2024ರ ಮಾರ್ಚ್ 29ರಂದು ಸಂಗತಿಯನ್ನು ಲೋಕಕ್ಕೆ ತಿಳಿಸದಿದ್ದರೆ, ಆ ಆವೃತ್ತಿಗಳು ಪ್ರಪಂಚದ ಅಸಂಖ್ಯ ಯಂತ್ರಗಳಿಗೆ ಇಳಿದುಬಿಡುತ್ತಿದ್ದವು. ಮೂಲ ಸಂಕೇತವು ತೆರೆದಿದ್ದುದರಿಂದಲೇ ಅವರು ಅದನ್ನು ಬಗೆದು ನೋಡಲು ಸಾಧ್ಯವಾಯಿತು. ತೆರೆದಿಟ್ಟಷ್ಟಕ್ಕೇ ಯಾರೋ ನೋಡುತ್ತಿರುತ್ತಾರೆಂಬ ನಂಬಿಕೆಯು ಎಷ್ಟು ಟೊಳ್ಳೆಂಬುದೂ ಅದರಿಂದಲೇ ತಿಳಿಯಿತು.

ಕರ್ನಾಟಕದ್ದೇ ಆದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಸೇರಿ, ಬಡವನಿಗೂ ಓದುಬರೆಹ ಬಾರದವನಿಗೂ ಗಣಕವು ಕೈಗೆಟುಕಬೇಕೆಂಬ ಉದಾತ್ತವಾದ ಆಶಯದಿಂದ, 2001ರಲ್ಲಿ ಸಿಂಪ್ಯೂಟರನ್ನು ಲೋಕದ ಮುಂದಿಟ್ಟರು. ಅಂಗೈಯಲ್ಲಿ ಹಿಡಿಸುವ ಆ ಯಂತ್ರವು ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಅದರ ವಿನ್ಯಾಸವನ್ನೇ ಮುಕ್ತ ಪರವಾನಗಿಯ ಮಾದರಿಯಲ್ಲಿ ಹಂಚಲಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಅಮೀಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮಾರಾಟವು ನಿರೀಕ್ಷೆಯ ಸಮೀಪಕ್ಕೂ ಬರಲಿಲ್ಲ. ಹೊಸ ಯಂತ್ರ, ಎಳೆಯ ತಂತ್ರಾಂಶ, ಇನ್ನೂ ರೂಪುಗೊಳ್ಳದ ಮಾರುಕಟ್ಟೆ, ಈ ಮೂರರ ಭಾರವನ್ನು ಒಟ್ಟಿಗೆ ಹೊರುವುದು ಆ ಉದ್ಯಮಕ್ಕೆ ಸಾಧ್ಯವಾಗಲಿಲ್ಲವೆಂದು ನಾನು ಭಾವಿಸುತ್ತೇನೆ. ಆದರೆ ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಹುಟ್ಟಿದ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವು ಯಂತ್ರದೊಡನೆ ನಂದಿಹೋಗಲಿಲ್ಲ. ಅದರ ಮೂಲ ಸಂಕೇತವು ಮುಕ್ತವಾಗಿದ್ದ ಕಾರಣ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಭಾರತದ ಇತರ ಭಾಷೆಗಳಿಗೂ ವಿಸ್ತರಿಸಿದರು. ಮಾಲೀಕನ ಬೀಗದೊಳಗಿನ ತಂತ್ರಾಂಶವಾಗಿದ್ದರೆ ಕಂಪನಿಯ ಬಾಗಿಲು ಮುಚ್ಚಿದ ದಿನವೇ ಅದರ ಆಯುಸ್ಸೂ ತೀರುತ್ತಿತ್ತು. ಎಳೆಯದೆಂಬ ಕಾರಣಕ್ಕೆ ಮುಕ್ತ ತಂತ್ರಾಂಶವನ್ನು ತಿರಸ್ಕರಿಸಬಾರದೆಂದು ನಾನು ಹೇಳುವುದು ಇಂತಹ ನಿದರ್ಶನಗಳನ್ನು ಕಂಡು.

ಹಾಗಾದರೆ ವ್ಯಾಪಾರಿಯು ಮಾಡತಕ್ಕದ್ದೇನು? ಮೊದಲಿಗೆ ತನ್ನ ವ್ಯವಹಾರದ ಯಾವ ಭಾಗವು ಕೆಟ್ಟರೂ ತಾಳಿಕೊಳ್ಳಬಹುದು, ಯಾವ ಭಾಗವು ಕೆಟ್ಟರೆ ತಾಳಲಾಗದು ಎಂಬುದನ್ನು ಬೇರೆ ಮಾಡಿಕೊಳ್ಳಬೇಕು. ಹೋಂ ಸ್ಟೇಯ ಕೋಣೆಗಳ ಪಟ್ಟಿಯನ್ನೋ, ಕೂಲಿಯಾಳುಗಳ ಹಾಜರಿಯನ್ನೋ ಹೊಸ ತಂತ್ರಾಂಶದಲ್ಲಿ ಇಟ್ಟು ನೋಡಬಹುದು. ಆದರೆ ತೆರಿಗೆಯ ಲೆಕ್ಕದ ವಿಷಯವೇ ಬೇರೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ವಿವರವನ್ನು ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಿಡಬೇಕು. ಕಂಪನಿಯಾಗಿ ನೋಂದಣಿಯಾದ ಉದ್ಯಮವಾದರೆ, 2023ರ ಏಪ್ರಿಲ್ 1ರಿಂದ, ಲೆಕ್ಕದಲ್ಲಿ ಆದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ತಾನಾಗಿಯೇ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕು. ಎರಡು ವರ್ಷದ ಹಿಂದೆ ಹುಟ್ಟಿ, ಒಬ್ಬನ ಬಿಡುವಿನ ವೇಳೆಯಲ್ಲಿ ಬೆಳೆಯುತ್ತಿರುವ ತಂತ್ರಾಂಶವು ಆರು ವರ್ಷಗಳ ಹೊಣೆಯನ್ನು ಹೊರಬಲ್ಲುದೇ ಎಂದು ಕೇಳಿಕೊಳ್ಳದೆ ಮುಂದುವರಿಯುವುದು ವಿವೇಕವಲ್ಲ. ಬದಲಾವಣೆಗಳನ್ನು ಎಷ್ಟು ಮಂದಿ ಬರೆಯುತ್ತಿದ್ದಾರೆ, ಕಳೆದ ವರ್ಷ ದೋಷವೊಂದನ್ನು ತಿಳಿಸಿದವನಿಗೆ ಉತ್ತರ ಬಂತೇ, ನಮ್ಮ ಮಾಹಿತಿಯನ್ನೆಲ್ಲ ಇನ್ನೊಂದು ತಂತ್ರಾಂಶವು ಓದಬಲ್ಲ ರೂಪದಲ್ಲಿ ಹೊರತೆಗೆಯಬಹುದೇ ಎಂಬಿವು ಬೆಲೆಗಿಂತ ಮೊದಲು ಕೇಳತಕ್ಕ ಪ್ರಶ್ನೆಗಳು. ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಉಳಿದವನ್ನು ಕೇಳುವ ಅಗತ್ಯವಿಲ್ಲ.

ಎರಡನೆಯದಾಗಿ, ಕ್ರಯವಿಲ್ಲದ ವಸ್ತುವಿಗೆ ಪೋಷಣೆಯ ವೆಚ್ಚವುಂಟೆಂಬುದನ್ನು ಒಪ್ಪಿಕೊಳ್ಳಬೇಕು. ಮುಕ್ತ ತಂತ್ರಾಂಶವನ್ನು ಆಶ್ರಯಿಸಿ ಬೆಳೆದ ಬೆಂಗಳೂರಿನ ಜೆರೋಧಾ ಸಂಸ್ಥೆಯು 2024ರಲ್ಲಿ, ಜಗತ್ತಿನ ಮುಕ್ತ ತಂತ್ರಾಂಶಗಳ ನಿರ್ವಾಹಕರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳನ್ನು ಹಂಚುವ ನಿಧಿಯೊಂದನ್ನು ತೆರೆಯಿತು. ಅಷ್ಟು ದೊಡ್ಡ ಶಕ್ತಿಯು ನಮ್ಮ ಊರಿನ ವ್ಯಾಪಾರಿಗಿಲ್ಲ ನಿಜ. ಆದರೆ ಸಹಕಾರದ ಅಭ್ಯಾಸವು ಮಲೆನಾಡಿಗೆ ಹೊಸದಲ್ಲ. ಅಡಕೆಯ ಮಾರಾಟವನ್ನೂ ಕೃಷಿಸಾಲವನ್ನೂ ಸಂಘ ಕಟ್ಟಿಕೊಂಡು ನಡೆಸಿದವರು, ತಾವೆಲ್ಲ ಬಳಸುವ ಒಂದೇ ತಂತ್ರಾಂಶಕ್ಕೆ ಒಬ್ಬ ಬಲ್ಲವನ ಕೆಲವು ಗಂಟೆಗಳ ಸಂಬಳವನ್ನು ಕೂಡಿ ಕೊಡಲಾರರೇ? ಹಾಗೆ ನೇಮಿಸಿದವನು ಓಟಿಯ ಲೆಕ್ಕವನ್ನು ತಿದ್ದಿದರೆ ಆ ತಿದ್ದುಪಡಿಯು ಮೂಲ ತಂತ್ರಾಂಶಕ್ಕೇ ಹಿಂದಿರುಗಿ ಸೇರಬೇಕೇ ಹೊರತು, ಒಂದು ಅಂಗಡಿಯ ಯಂತ್ರದೊಳಗೆ ಖಾಸಗಿಯಾಗಿ ಉಳಿಯಬಾರದು. ಖಾಸಗಿಯಾಗಿ ಉಳಿದ ತಿದ್ದುಪಡಿಯನ್ನು ಮುಂದಿನ ಆವೃತ್ತಿಯು ಅಳಿಸಿಹಾಕುತ್ತದೆ; ಮತ್ತೆ ಬರೆಸಬೇಕು, ಮತ್ತೆ ಹಣ ತೆರಬೇಕು.

ಹೊಸ ತಂತ್ರಾಂಶವನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಒದಗುವ ಕಾಲವು ಮಳೆಗಾಲ. ಕಾಫಿಯ ಕೊಯ್ಲು ಮುಗಿದು, ಅಡಕೆಯ ಸುಲಿತವು ಇನ್ನೂ ದೂರವಿದ್ದು, ಅಂಗಡಿಯಲ್ಲಿ ವಹಿವಾಟು ತೆಳುವಾಗಿರುವ ಜುಲೈ ಆಗಸ್ಟ್ ತಿಂಗಳುಗಳಲ್ಲಿ, ಹಿಂದಿನ ಸಾಲಿನ ರಸೀದಿಗಳನ್ನೆಲ್ಲ ಹೊಸ ತಂತ್ರಾಂಶಕ್ಕೆ ಮತ್ತೊಮ್ಮೆ ಊಡಿ, ಹಳೆಯ ಮೊತ್ತವೂ ಹೊಸ ಮೊತ್ತವೂ ಪೈಸೆಗೆ ಪೈಸೆ ತಾಳೆಯಾಗುತ್ತದೆಯೇ ಎಂದು ನೋಡಬಹುದು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ಅರ್ಧ ಬರೆದ ರಸೀದಿಯು ಉಳಿಯಿತೇ, ನೆಟ್‌ವರ್ಕ್ ಇಲ್ಲದ ಮೂರು ದಿನ ಎರಡು ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಬರೆದ ಲೆಕ್ಕವು ಆಮೇಲೆ ಒಂದುಗೂಡುವಾಗ ಒಂದೇ ಮೂಟೆಯು ಎರಡು ಸಲ ಎಣಿಕೆಗೆ ಬಂತೇ ಎಂಬುದನ್ನು ಪರೀಕ್ಷಿಸುವುದಕ್ಕೆ ನಮ್ಮ ಕಡೆಯ ಆಷಾಢಕ್ಕಿಂತ ಕಠಿಣವಾದ ಪರೀಕ್ಷಕನು ಬೆಂಗಳೂರಿನ ಯಾವ ಪ್ರಯೋಗಾಲಯದಲ್ಲಿಯೂ ಸಿಗಲಾರನು. ಅದರಲ್ಲಿ ತೇರ್ಗಡೆಯಾದ ತಂತ್ರಾಂಶವನ್ನೂ ಮೊದಲ ಕೊಯ್ಲಿನ ಸಾಲಿನಲ್ಲಿ ಹಳೆಯ ಲೆಕ್ಕದ ಜೊತೆಜೊತೆಗೇ ನಡೆಸಬೇಕು. ಎರಡು ಕಡೆ ಬರೆಯುವ ಶ್ರಮವು ಗುಮಾಸ್ತನ ಮೇಲೆ ಬೀಳುವುದರಿಂದ, ಡಿಸೆಂಬರಿನಿಂದ ಮಾರ್ಚಿಯವರೆಗೆ ಅವನ ಕೈಗೆ ಇನ್ನೊಬ್ಬನನ್ನು ಕೊಟ್ಟು, ಆ ಸಂಬಳವನ್ನು ತಂತ್ರಾಂಶದ ಬೆಲೆಯೆಂದೇ ಖರ್ಚಿನ ಖಾತೆಯಲ್ಲಿ ಬರೆಯಬೇಕು.